ಕುಬಸಕ್ಕೆ ಹೊರಟ ಕಾರು

ಕುಷಾಯಿಗೂಡದ ಹನುಮಂತರಾಯರು ಕಾರು ಓಡಿಸುವ ಶಿಸ್ತಿಗೆ ಕೈ ಮುಗಿಯಬೇಕು. ಟೈರಿನ ಗಾಳಿ ವಾರವಾರವೂ ನೋಡುತ್ತಾರೆ, ಹಳದಿ ದೀಪ ಕಂಡರೇ ನಿಲ್ಲುತ್ತಾರೆ, ತಮ್ಮ ಬೆಲ್ಟ್ ಎಂದೂ ಮರೆತವರಲ್ಲ. ಹಿಂದಿನವರು ಹಾರ್ನ್ ಹೊಡೆದರೆ ಇಳಿದು ಹೋಗಿ ತೆಲುಗಿನಲ್ಲಿ ಬುದ್ಧಿ ಹೇಳಿ ಬರುತ್ತಾರೆ. ಕಾರು ಸೆಕೆಂಡ್ ಹ್ಯಾಂಡು, ಪ್ರೀತಿ ಮಾತ್ರ ಹೊಚ್ಚ ಹೊಸದು. ಆ ಪ್ರೀತಿಗೆ ಸೀಟುಗಳಿಗೆಲ್ಲ ಮಿರಿಮಿರಿ ಮಿಂಚುವ ಕೆಂಪು ಕವರು ಹಾಕಿಸಿದ್ದರು. ಹಿಂದಿನ ಸೀಟಿನ ಬೆಲ್ಟ್ ಸಿಕ್ಕಿಸುವ ಕೊಂಡಿಗಳು ಅದರಡಿ ಮುಚ್ಚಿಹೋಗಿದ್ದವು. ಅಲ್ಲಿ ಸೀಳು ಬಿಡಲೇ ಎಂದು ಅಂಗಡಿಯವನು ಕೇಳಿದ್ದಕ್ಕೆ ರಾಯರಿಗೆ ಸಿಟ್ಟೇ ಬಂದಿತ್ತು.

ಬಸುರಿ ಮಗಳು ಭಾಗ್ಯಶ್ರೀಗೆ ಏಳು ತಿಂಗಳು ತುಂಬಿತ್ತು. ಕುಬಸ, ಅಂದರೆ ಸೀಮಂತ, ಮಾಡಿಸಲು ಅವಳನ್ನು ಕರೆತರಬೇಕೆಂದು ರಾಯರು ಹೆಂಡತಿ ಶಿವಗಂಗಮ್ಮನ ಜೊತೆ ಮೆಹದಿಪಟ್ಟಣಂನಲ್ಲಿದ್ದ ಅವಳ ಗಂಡನ ಮನೆಗೆ ಹೋದರು. ಬೀಗರು ದೊಡ್ಡ ಡಬ್ಬಿ ತುಂಬ ಉಂಡಿ ಕೊಟ್ಟರು. ಅದನ್ನು ಮುಂದಿನ ಸೀಟಿನ ಮೇಲಿಟ್ಟದ್ದೇ ತಡ, ಕಾರು ಕೀಂ ಕೀಂ ಎಂದು ಹಟ ಹಿಡಿಯಿತು. ರಾಯರು ಡಬ್ಬಿಗೆ ಬೆಲ್ಟ್ ಬಿಗಿದರು.

“ಅಪ್ಪಾ, ನನ್ನ ಬೆಲ್ಟಿನ ಕೊಂಡಿ ಎಲ್ಲೈತಿ?” ಹಿಂದಿನಿಂದ ಭಾಗ್ಯಶ್ರೀ ಕೇಳಿದಳು.

“ಕವರಿನ ಕೆಳಗ ಐತವ್ವಾ. ನಾ ಸಾವಕಾಶ ಹೊಡೀತೀನಿ, ಚಿಂತಿ ಬಿಡು.”

“ಬಸುರಿಗೆ ಯಾರರ ಬೆಲ್ಟ್ ಕಟ್ತಾರೇನ? ಕೂಸಿಗೆ ಒತ್ತತೈತಿ,” ಎಂದರು ಮಗಳ ಪಕ್ಕದಲ್ಲಿ ಕೂತ ಶಿವಗಂಗಮ್ಮ.

“ಹೊಟ್ಟಿ ಮ್ಯಾಲ ಅಲ್ಲವ್ವಾ. ಒಂದು ಪಟ್ಟಿ ಹೊಟ್ಟಿ ಕೆಳಗ, ಇನ್ನೊಂದು ಎದಿ ನಡುವ. ಡಾಕ್ಟ್ರೇ ಹೇಳ್ಯಾರ.”

“ನಿನ್ನ ಹಡದಾಕಿ ನಾನು, ಡಾಕ್ಟ್ರಲ್ಲ.”

ಹಡೆದವಳ ಮಾತಿಗೆ ಎದುರಾಡುವುದುಂಟೇ? ಕಾರು ಹೊರಟಿತು.

ತಾರ್ನಾಕ ದಾಟುತ್ತಿದ್ದಂತೆ ಆಟೊ ಒಂದು ಕೈ ಕೂಡ ತೋರಿಸದೆ ಎಡದಿಂದ ಬಲಕ್ಕೆ ನುಗ್ಗಿತು. ರಾಯರು ಬ್ರೇಕ್ ತುಳಿದರು. ಕಾರು ಆಟೊಗೆ ತಾಗದೆ ನಿಂತಿತು, ಉಂಡಿ ಡಬ್ಬಿ ಕದಲಲಿಲ್ಲ. ಶಿವಗಂಗಮ್ಮ ಬಾಗಿಲ ಹಿಡಿಕೆ ಹಿಡಿದು ಉಳಿದರು. ಭಾಗ್ಯಶ್ರೀ ಮಾತ್ರ ನುಣ್ಣನೆಯ ಕವರಿನ ಮೇಲಿಂದ ಜಾರಿ, ಮುಂದಿನ ಸೀಟಿನ ಬೆನ್ನಿಗೆ ಬಡಿದು ಕೆಳಗೆ ಕುಸಿದಳು.

ರಾಯರು ಕಾರನ್ನು ರಸ್ತೆ ಬದಿಗೆ ತಂದರು. ಮಗಳನ್ನು ಎತ್ತಿ ಕೂರಿಸಿದರು. ಅವಳು ಹೊಟ್ಟೆಯ ಮೇಲೆ ಕೈಯಿಟ್ಟು ಕಾದಳು.

“ಅಪ್ಪಾ, ಕೂಸು ಅಲುಗಾಡವಲ್ದು.”

ಆಸ್ಪತ್ರೆಗೆ ಹೋಗಬೇಕು, ಆದರೆ ಇವಳನ್ನು ಹೀಗೆ ಕೂರಿಸಿಕೊಂಡು ಒಂದು ಗಜವೂ ಓಡಿಸಲು ರಾಯರಿಗೆ ಧೈರ್ಯವಿರಲಿಲ್ಲ. ಜೇಬಿನಿಂದ ಮನೆಯ ಕೀಲಿ ತೆಗೆದು ಕವರಿಗೆ ಚುಚ್ಚಿದರು, ಎರಡೂ ಕೈಯಿಂದ ಪರಪರ ಹರಿದರು, ಕೊಂಡಿಗಳನ್ನು ಹೊರಗೆಳೆದರು. ಶಿವಗಂಗಮ್ಮ ಪಟ್ಟಿ ಎಳೆದು ಕೊಟ್ಟರು, ಭಾಗ್ಯಶ್ರೀ ಸಿಕ್ಕಿಸಿಕೊಂಡಳು.

ಆಸ್ಪತ್ರೆಯಲ್ಲಿ ಯಂತ್ರದೊಳಗಿಂದ ಕೂಸಿನ ಎದೆಬಡಿತ ಲಬ್‌ಡಬ್ ಎಂದು ಕೇಳಿಸಿತು. ತಾಯಿಯೂ ಕೂಸೂ ಕ್ಷೇಮ ಎಂದರು ಡಾಕ್ಟರು. “ಬೆಲ್ಟ್ ಹಾಕಿಕೊಂಡಿದ್ದಿರಾ?” ಎಂದು ಅವರು ಹಿಂದಿಯಲ್ಲಿ ಕೇಳಿದಾಗ ಶಿವಗಂಗಮ್ಮ ಸೀರೆಯ ಸೆರಗು ಸರಿಮಾಡಿಕೊಂಡರು, ರಾಯರು ಗೋಡೆ ನೋಡಿದರು.

ಸಂಜೆಯವರೆಗೂ ಅಲ್ಲೇ ನೋಡಿಕೊಂಡು, ಮನೆಗೆ ಹೋಗಬಹುದೆಂದು ಕಳಿಸಿದರು. ಕಾರಿನಲ್ಲಿ ರಾಯರು ತಾವೇ ಬಗ್ಗಿ, ಪಟ್ಟಿಯನ್ನು ಮಗಳ ಹೊಟ್ಟೆಯ ಕೆಳಗೆ ಸರಿಪಡಿಸಿ ಕೊಂಡಿ ಸಿಕ್ಕಿಸಿದರು. ಭಾಗ್ಯಶ್ರೀ ತಟ್ಟನೆ ನಕ್ಕಳು.

“ಒದೀತು!”

“ನೋಡ್ರಿ, ನಾ ಹೇಳಲಿಲ್ಲೇನು?” ಶಿವಗಂಗಮ್ಮ ಮತ್ತೆ ಶುರು ಮಾಡಿದರು. “ಒತ್ತಾಕತ್ತೈತಿ, ಅದಕ್ಕ ಒದೀತು.”

“ಒದೀಲಿ ಬಿಡು,” ಎಂದರು ರಾಯರು ಕಣ್ಣೊರೆಸಿಕೊಳ್ಳುತ್ತ. “ಅದು ಒದೀಬೇಕಾದ್ದು ನನಗ.”