ಹುಟ್ಟುವ ಮೊದಲೇ ಇಟ್ಟ ಹೆಸರು

ನನ್ನ ಬಾಯಿ ಜೋರು, ಅದು ಇಡೀ ಇಂಡಿ ಊರಿಗೇ ಗೊತ್ತು. ಹೊಟ್ಟೆಯಲ್ಲಿರುವ ಜೀವ ತೆಗೆಸುವುದು ಕೊಲೆ ಎಂದು ನಮ್ಮ ಚರ್ಚಿನಲ್ಲಿ ಎದ್ದು ನಿಂತು ಸಾಕ್ಷಿ ಹೇಳಿದವಳು ನಾನು, ಮಾರ್ಥವ್ವ. ಓಣಿಯ ಗುಂಡವ್ವ ಮೂರನೆಯದು ಬೇಡವೆಂದು ಆಸ್ಪತ್ರೆಗೆ ಹೊರಟಾಗ ಬಾಗಿಲಿಗೆ ಅಡ್ಡ ನಿಂತು, ಜಗಳಾಡಿ ತಡೆದೆ. ಹಾಗೆ ಉಳಿದು ಹುಟ್ಟಿದ ಹುಡುಗಿ ಈಗ ನನ್ನ ಅಂಗಳದಲ್ಲೇ ಆಡುತ್ತಾಳೆ. ಅವಳನ್ನು ಕಂಡಾಗಲೆಲ್ಲ ನಾನು ಮಾಡಿದ್ದೇ ಸರಿ ಅನ್ನಿಸುತ್ತದೆ.

ನನ್ನ ಮಗಳು ಎಸ್ತೇರಳಿಗೆ ಮದುವೆಯಾಗಿ ಬಹಳ ವರ್ಷ ಬಸಿರು ನಿಲ್ಲಲಿಲ್ಲ. ಹರಕೆ ಹೊತ್ತ ಮೇಲೆ ಈ ಸಲ ನಿಂತಿತು. ನಮ್ಮಲ್ಲಿ ಹರಕೆಯ ಕೂಸಿಗೆ ಹೊಟ್ಟೆಯಲ್ಲಿದ್ದಾಗಲೇ ಸಭೆಯ ಮುಂದೆ ಹೆಸರಿಟ್ಟು ಪ್ರಾರ್ಥನೆ ಮಾಡುವ ರೂಢಿ. "ಅವಸರ ಬ್ಯಾಡ ಮಾರ್ಥವ್ವಾ, ಸ್ಕ್ಯಾನಿಂಗ್ ಆಗ್ಲಿ" ಎಂದರು ಪಾಸ್ಟರ್. ನಾನು ಕೇಳುವವಳೇ? ಗಂಡೋ ಹೆಣ್ಣೋ ದೇವರಿಗೇ ಗೊತ್ತು, ಆದರೂ ಹಟ ಹಿಡಿದು ಸಮುವೇಲ ಎಂದು ಹೆಸರಿಡಿಸಿದೆ. ಆಮೇಲೆ ಎಲ್ಲಿ ಕಂಡರೂ ಜನ ಕೇಳುವುದು ಒಂದೇ: "ಸಮುವೇಲಪ್ಪ ಹೆಂಗದಾನ್ರಿ?"

ಐದನೇ ತಿಂಗಳ ಸ್ಕ್ಯಾನಿಂಗಿನಲ್ಲಿ ಡಾಕ್ಟರು ಬುಶ್ರಾ ಎರಡೆರಡು ಸಲ ನೋಡಿದರು. ಕೂಸಿಗೆ ತಲೆಬುರುಡೆಯೇ ಬೆಳೆದಿಲ್ಲವಂತೆ. ಹುಟ್ಟಿದರೂ ಒಂದು ದಿನ ಉಳಿಯುವುದು ಕಷ್ಟವಂತೆ.

"ತೆಗಸೂದಿದ್ರ ವಿಜಯಪುರದ ದೊಡ್ಡ ದವಾಖಾನಿಗೆ ಬರದು ಕೊಡ್ತೇನ್ರಿ. ಇಟ್ಕೋತೇವಿ ಅಂದ್ರೂ ನಾ ನೋಡ್ಕೋತೇನಿ. ವಿಚಾರ ಮಾಡ್ರಿ" ಎಂದರು.

ಅಳಿಯ ಪ್ರಭಾಕರ "ಅತ್ತಿ ಹೇಳಿದಂಗ" ಎಂದು ಕೈ ತೊಳೆದುಕೊಂಡು ಸಕ್ಕರೆ ಕಾರ್ಖಾನೆಯ ಡ್ಯೂಟಿಗೆ ಹೋದ. ಗಂಡಸಂತೆ ಗಂಡಸು! ಎಸ್ತೇರ ಮಾತ್ರ ನನ್ನ ಸೆರಗು ಬಿಡಲಿಲ್ಲ.

"ಅವ್ವಾ, ಆ ಹೆಸರು ಕೇಳ್ಕೋತ ಇನ್ನ ನಾಕು ತಿಂಗಳು ಹೊತ್ತು ತಿರಗಾಕ ನನ್ನ ಕೈಲೆ ಆಗೂದಿಲ್ಲ. ನೀ ನನ್ನ ಸಂಗಾಟ ಬಾ."

ಹೋಗೋಣ ಎಂದರೆ ನನ್ನ ದೇವರಿಗೆ ಏನು ಹೇಳಲಿ? ಬೇಡ ಎಂದರೆ ಮಗಳ ಮುಖ ಹೇಗೆ ನೋಡಲಿ? ಇಷ್ಟು ಜೋರು ಬಾಯಿಯವಳು ಅವತ್ತು ಸೆರಗು ಬಿಡಿಸಿಕೊಂಡು ಎದ್ದು ಹೋದೆ.

ಭಾನುವಾರ ಚರ್ಚಿನಲ್ಲಿ ಪಾಸ್ಟರ್, ದೇವರು ಮಾಡಿದ ಉಪಕಾರದ ಸಾಕ್ಷಿ ಹೇಳಲು ನನ್ನನ್ನೇ ಕರೆದರು. ನಿಜ ಹೇಳಿಬಿಡಬೇಕು ಎಂದುಕೊಂಡೇ ಎದ್ದೆ. ಆದರೆ ಅಷ್ಟೂ ಮುಖಗಳು ನನ್ನ ಕಡೆ ನಗುತ್ತಿದ್ದವು. "ಸಮುವೇಲ ಆರಾಮ ಅದಾನ್ರಿ, ಕರ್ತನಿಗೆ ಸ್ತೋತ್ರ" ಎಂದುಬಿಟ್ಟೆ. "ಸ್ತೋತ್ರ!" ಎಂದಿತು ಸಭೆ.

ಎಸ್ತೇರ ಚಾಪೆಯಿಂದ ಎದ್ದಳು. "ಅದು ಸುಳ್ಳ್ರಿ. ಕೂಸಿಗೆ ತಲಿಬುರುಡಿ ಇಲ್ಲ. ನಾಳಿ ವಿಜಯಪುರಕ್ಕ ಹೋಗಿ ತೆಗಸ್ತೇನಿ. ಯಾರೂ ಬರದಿದ್ರ ಒಬ್ಬಾಕಿನ ಹೋಗ್ತೇನಿ."

ಪಾಸ್ಟರ್ ನನ್ನನ್ನೇ ನೋಡುತ್ತಿದ್ದರು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಮರುದಿನ ಬೆಳಗಿನ ಬಸ್ಸಿಗೆ ನಾನೇ ಬಟ್ಟೆಯ ಚೀಲ ಹಿಡಿದು ಹತ್ತಿದೆ. ಅದು ಪಾಪ ಎಂದು ಮೊದಲೂ ಅಂದಿದ್ದೆ, ಈಗಲೂ ಅನ್ನುತ್ತೇನೆ. ಆದರೆ ಹಡೆದ ಮಗಳನ್ನು ಒಬ್ಬಳನ್ನೇ ಕಳಿಸುವುದು ನನ್ನಿಂದ ಆಗಲಿಲ್ಲ. ಊರು ದಾಟಿದ ಮೇಲೆ ಅವಳು ನನ್ನ ಕೈ ಎಳೆದು ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಕೂಸು ಒದೆಯಿತು. ನನ್ನ ಅಂಗೈಗೆ ಸರಿಯಾಗಿ ತಾಕಿತು.

"ಅವ್ವಾ," ಎಂದಳು ಎಸ್ತೇರ, ನನ್ನ ಮುಖವನ್ನೇ ನೋಡುತ್ತ, "ಒದೀತಲ್ಲಾ?"

"ಇಲ್ಲವಾ," ಎಂದೆ. "ಬಸ್ಸು ಕುಲಕಾಕತ್ತೈತಿ, ಅಷ್ಟ."