ಹರಿಯದ ತಂತಿ

ದಂತವೈದ್ಯನನ್ನು ಟೆನಿಸ್ ಕ್ಲಬ್ಬಿನಲ್ಲಿ ಎಲ್ಲರೂ ಇಕ್ಕಳ ಎಂದೇ ಕರೆಯುತ್ತಿದ್ದರು. ಆ ಹೆಸರು ಅವನ ವೃತ್ತಿಯಿಂದ ಬಂದದ್ದಲ್ಲ, ಕೈಕುಲುಕುವ ರೀತಿಯಿಂದ ಬಂದದ್ದು. ಆಟ ಮುಗಿದ ಮೇಲೆ ನೆಟ್ಟಿನಾಚೆಯಿಂದ ಕೈ ಚಾಚಿದವನು ಸೋಲನ್ನು ಮರೆತು, ಬೆರಳುಗಳೆಲ್ಲ ತನ್ನ ಬಳಿಯೇ ಉಳಿದಿವೆಯೇ ಎಂದು ನೋಡಿಕೊಳ್ಳುವಂತಾಗುತ್ತಿತ್ತು.

ಅಂಥ ಕೈಯ ಮೊಣಕೈಯಲ್ಲಿ, ಹೊರಗಡೆಯ ಮೂಳೆಯ ಕೆಳಗೆ, ಕೆಲವು ತಿಂಗಳಿಂದ ಏನೋ ಒಂದು ಮನೆ ಮಾಡಿಕೊಂಡಿತ್ತು. ಮೊದಮೊದಲು ಅದು ಸರ್ವ್ ಮಾಡುವಾಗ ಮಾತ್ರ ಮಾತಾಡಿಸಿ ಹೋಗುತ್ತಿತ್ತು. ಆಮೇಲೆ ಬಾಟಲಿಯ ಮುಚ್ಚಳ ತಿರುಗಿಸುವಾಗ, ಬೀಗದಲ್ಲಿ ಕೀಲಿಕೈ ತಿರುವುವಾಗ ಬರತೊಡಗಿತು. ಈಗ ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೇ ಎದ್ದು ಕೂತಿರುತ್ತಿತ್ತು. ಊರಿಗೆಲ್ಲ ಹಲ್ಲುಜ್ಜುವುದನ್ನು ಕಲಿಸುವವನು ಎಡಗೈಯಲ್ಲಿ ತಡಕಾಡುತ್ತ ಹಲ್ಲುಜ್ಜಿಕೊಳ್ಳುವುದನ್ನು ಯಾರ ಹತ್ತಿರ ಹೇಳಿಕೊಳ್ಳುವುದು? ಅವನು ಹೇಳಿಕೊಳ್ಳಲಿಲ್ಲ.

ಆದರೆ ಕ್ಲಿನಿಕ್ಕಿನಲ್ಲಿ ಪಕ್ಕದಲ್ಲಿ ನಿಂತು ಉಪಕರಣ ಎತ್ತಿಕೊಡುವವಳು ಅವನ ಹೆಂಡತಿಯೇ ಆಗಿದ್ದಳು. ರೋಗಿಗಳ ಬಾಯಿಯನ್ನು ಅವನು ನೋಡುತ್ತಿದ್ದಷ್ಟೇ ಹೊತ್ತು ಅವಳು ಅವನ ಕೈಯನ್ನು ನೋಡುತ್ತಿದ್ದಳು. ಒಂದು ದಿನ ದವಡೆ ಹಲ್ಲೊಂದನ್ನು ಅಲುಗಿಸುತ್ತಿದ್ದವನ ಹಿಡಿತ ತಟಕ್ಕನೆ ಸಡಿಲಿತು. ಇಕ್ಕಳ ಜಾರಿ ರೋಗಿಯ ಕೆಳತುಟಿಗೆ ತಾಗಿತು. ಗಾಯವೇನೂ ಆಗಲಿಲ್ಲ. ಬಾಯಿಯನ್ನು ಮರಗಟ್ಟಿಸಿದ್ದರಿಂದ ರೋಗಿಗೆ ತಿಳಿಯಲೂ ಇಲ್ಲ. ಹತ್ತಿ ಕಚ್ಚಿಕೊಂಡು, ಕೈಮುಗಿದು ಹೋದ.

"ರೀ, ಜಾರಿತು," ಎಂದಳು ಹೆಂಡತಿ.

"ಎಂಜಲು. ನೀನು ಸರಿಯಾಗಿ ಒರೆಸಿರಲಿಲ್ಲ."

"ಹೂಂ, ಎಂಜಲಿನ ಮೇಲೆ ಏನು ಹೊರಿಸಿದ್ರೂ ಅದು ತಿರುಗಿ ಮಾತಾಡಲ್ಲ. ಇವತ್ತು ತುಟಿಗೆ ಹೋಯ್ತು. ನಾಳೆ ನಾಲಿಗೆ ಆದ್ರೆ?" ಅವಳು ಕೈಗವಸು ಕಳಚಿ ಬುಟ್ಟಿಗೆ ಹಾಕಿದಳು. "ನಮ್ಮಿಬ್ಬರ ಅನ್ನ ಇರೋದು ಆ ಮೊಣಕೈಯಲ್ಲಿ. ಆಟ ಬಿಡಿ, ಇಲ್ಲಾ ನಿಮ್ಮ ತಂಗಿ ಹತ್ತಿರ ಹೋಗಿ ರಾಕೆಟ್ ತೋರಿಸಿ."

ಎರಡರಲ್ಲಿ ಸುಲಭದ್ದನ್ನು ಅವನು ಆರಿಸಿಕೊಂಡ.

ತಂಗಿಯ ಆಟದ ಸಾಮಾನಿನ ಅಂಗಡಿ ಕ್ಲಬ್ಬಿನ ಗೇಟಿಗೆ ಆತುಕೊಂಡೇ ಇತ್ತು. ಹಿಂದಿನ ಕೋಣೆಯಲ್ಲಿ ಗಟ್ಟಿಂಗ್ ಯಂತ್ರ. ರಾಕೆಟ್ಟನ್ನು ಅಂಗಾತ ಮಲಗಿಸಿ, ಆರು ಕಡೆ ಹಿಡಿದು, ತಂತಿಯನ್ನು ಒಂದೊಂದಾಗಿ ಎಳೆದು ಬಿಗಿಯುವ ಆ ಯಂತ್ರವನ್ನು ಕಂಡಾಗಲೆಲ್ಲ ದಂತವೈದ್ಯನಿಗೆ ತನ್ನದೇ ಕುರ್ಚಿಯ ನೆನಪಾಗುತ್ತಿತ್ತು. ತಂಗಿ ಕೈಯಲ್ಲಿ ಕೆಲಸ, ಬಾಯಲ್ಲಿ ಮಾತು ಎರಡನ್ನೂ ಒಂದೇ ಬಿಗಿಯಲ್ಲಿ ನಡೆಸುವವಳು. ಅಣ್ಣನ ರಾಕೆಟ್ಟನ್ನು ತೆಗೆದುಕೊಂಡು, ಅಂಗೈಯಲ್ಲಿ ತಂತಿಗಳನ್ನು ಒತ್ತಿ, ಬೆರಳಿನಿಂದ ಮೀಟಿದಳು. ಟಕ್ ಎಂದಿತು. ಅನುರಣನವಿಲ್ಲದ, ಒಣಗಿದ ಸದ್ದು.

"ಅಣ್ಣ, ಇದನ್ನ ಹಾಕಿಸಿ ಎಷ್ಟು ದಿನ ಆಯ್ತು?"

"ಹರಿದೇ ಇಲ್ಲವಲ್ಲೇ."

"ನಾನು ಕೇಳಿದ್ದು ಅದಲ್ಲ."

"ಹೋದ ವರ್ಷ ನೀನೇ ಹಾಕಿದ್ದು. ಒಂದೆಳೆ ಹರಿದಿಲ್ಲ ನೋಡು. ಗಟ್ಟಿ ಮಾಲು."

"ಗಟ್ಟಿ ಮಾಲೇ. ಸತ್ತು ಬಹಳ ದಿನ ಆಗಿದೆ, ಹೂಳೋರು ಬಂದಿಲ್ಲ ಅಷ್ಟೆ." ಅವಳು ರಾಕೆಟ್ಟನ್ನು ಯಂತ್ರಕ್ಕೆ ಸಿಕ್ಕಿಸಿದಳು. "ಇದು ಪಾಲಿಯೆಸ್ಟರ್. ಚೆಂಡು ಬಂದು ಬಡಿದ್ರೆ ಆ ಏಟನ್ನ ಯಾರಾದ್ರೂ ತಿನ್ನಬೇಕಲ್ಲ? ಮೆತ್ತಗಿನ ತಂತಿ ತಾನೇ ತಿಂದು, ಜೂಲು ಜೂಲಾಗಿ, ಒಂದು ದಿನ ಹರಿದುಹೋಗುತ್ತೆ. ಇದು ತಿನ್ನಲ್ಲ, ಪಕ್ಕದವರಿಗೆ ದಾಟಿಸುತ್ತೆ. ಥೇಟ್ ನಮ್ಮನೆಯವರ ಹಾಗೆ."

"ಭಾವ ಏನು ದಾಟಿಸಿದ್ರು?"

"ಅವರ ಹಲ್ಲುನೋವನ್ನ ರಾತ್ರಿಯೆಲ್ಲ ಅನುಭವಿಸ್ತಿರೋದು ನಾನು. ಅದಿರಲಿ. ಏನಾದ್ರೂ ಒಂದು ಹರಿಯಲೇಬೇಕಣ್ಣ. ತಂತಿ ಹರಿಯಲ್ಲ ಅಂದ್ರೆ ಇನ್ನೇನಿದೆ ಹರಿಯೋದಕ್ಕೆ?"

ಇದು ದಂತವೈದ್ಯನಿಗೆ ಹೊಸ ಪಾಠವೇನಲ್ಲ. ತೀರಾ ಗಟ್ಟಿ ಕ್ಯಾಪ್ ಹಾಕಿದರೆ ಎದುರಿನ ಹಲ್ಲು ಸವೆಯುತ್ತದೆ ಎಂದು ಅವನೇ ರೋಗಿಗಳಿಗೆ ವಾರಕ್ಕೊಮ್ಮೆಯಾದರೂ ಹೇಳುತ್ತಿದ್ದ. ಹೇಳುವ ಬಾಯಿಂದ ತನ್ನದೇ ಕಿವಿಗೆ ಹೋಗುವ ದಾರಿ ಬಹಳ ದೂರದ್ದು.

ತಂಗಿ ಗೋಡೆಗೆ ನೇತುಹಾಕಿದ ಸುರುಳಿಗಳಲ್ಲಿ ಬೆರಳಾಡಿಸಿದಳು. ಪ್ರಾಣಿಯ ಕರುಳಿನಿಂದ ಮಾಡಿದ ತಂತಿ ಕೈಗೆ ಎಲ್ಲಕ್ಕಿಂತ ಮೆದು, ಆದರೆ ಬೆವರು ಕಂಡರೆ ಮುನಿಸಿಕೊಳ್ಳುತ್ತದೆ. ಅಡ್ಡಕ್ಕೊಂದು ಉದ್ದಕ್ಕೊಂದು ಜಾತಿ ಹಾಕಿದರೆ ಅರ್ಧ ಲಾಭ, ಅರ್ಧ ನೋವು. ಕೊನೆಗೆ ಅವಳು ಆರಿಸಿದ್ದು ನೂರಾರು ನವಿರು ಎಳೆಗಳನ್ನು ಹೊಸೆದು ಮಾಡಿದ ಮೆತ್ತನೆಯ ತಂತಿ. ಬಿಗಿಯನ್ನೂ ಸಾಕಷ್ಟು ಇಳಿಸಿದಳು. ಹಳೆಯ ತಂತಿಯನ್ನು ಕತ್ತರಿಸುವಾಗ ಪ್ರತಿಯೊಂದೂ ಚಟ್ ಚಟ್ ಎಂದು ಸಿಡಿಯಿತು.

"ಚೆಂಡು ಮೊದಮೊದಲು ಗೆರೆ ದಾಟಿ ಹೋಗುತ್ತೆ. ಅಭ್ಯಾಸ ಆಗುತ್ತೆ, ಹೆದರಬೇಡ. ನಿನ್ನ ಇನ್ನೊಂದು ರಾಕೆಟ್ ಎಲ್ಲಿ? ಅದನ್ನೂ ಕತ್ತರಿಸೋಣ."

"ತರ್ತೀನಿ," ಎಂದ ದಂತವೈದ್ಯ.

ಅದು ಕ್ಲಿನಿಕ್ಕಿನ ಬೀರುವಿನಲ್ಲಿ, ಬಿಳಿ ಕೋಟುಗಳ ಹಿಂದೆ ಇತ್ತು. ಅಲ್ಲೇ ಉಳಿಯಿತು.

ಮೊಣಕೈ ಮಾತ್ರ ನಿಜಕ್ಕೂ ತಣಿಯಿತು. ಕೆಲವೇ ದಿನಗಳಲ್ಲಿ ಕೀಲಿಕೈ ಸಲೀಸಾಗಿ ತಿರುಗತೊಡಗಿತು. ಹೆಂಡತಿ ಅವನ ಕೈಯನ್ನು ನೋಡುವುದು ಬಿಟ್ಟು ಮತ್ತೆ ರೋಗಿಗಳ ಬಾಯಿ ನೋಡತೊಡಗಿದಳು. ಆದರೆ ಚೆಂಡುಗಳು ಗೆರೆ ದಾಟಿ, ಕೆಲವು ಬೇಲಿಯನ್ನೂ ದಾಟಿ ಹೋದವು. ಬೇಲಿಯ ಈಚೆ ನಿಂತು ಅವನ್ನು ಬೀಳ್ಕೊಡುತ್ತಿದ್ದವನು ಭಾವ.

ತಂಗಿಯ ಗಂಡನಾದ ಈ ಭಾವ ವಿಮಾ ಏಜೆಂಟ್. ಊರವರ ಸಾವಿಗೆಲ್ಲ ನಗುನಗುತ್ತ ಬೆಲೆ ಕಟ್ಟುವ ಮನುಷ್ಯನಿಗೆ ಹಲ್ಲಿನ ಕುರ್ಚಿ ಕಂಡರೆ ಮಾತ್ರ ಜೀವ ಬಾಯಿಗೆ ಬರುತ್ತಿತ್ತು. ಕೆಳದವಡೆಯ ಹಲ್ಲೊಂದು ಹುಳುಕಾಗಿ, ಬೇರಿನ ಬಳಿ ಕೀವು ತುಂಬಿ, ಆಗಾಗ ಕೆನ್ನೆ ಉಬ್ಬಿಸುತ್ತಿದ್ದರೂ ಅವನು ಎಡಗಡೆಯೇ ಅಗಿಯುತ್ತ, ಎಡಗಡೆಯೇ ನಗುತ್ತ ಕಾಲ ಹಾಕುತ್ತಿದ್ದ.

"ಡಾಕ್ಟ್ರೇ, ಪಕ್ಕದ ಕೋರ್ಟಿನೋರು ಕೇಳ್ತಿದ್ರು, ಚೆಂಡು ದಿನಾ ಕಳಿಸ್ತೀರೋ ವಾರಕ್ಕೊಮ್ಮೆನೋ ಅಂತ."

"ಭಾವ, ಮೊದಲು ಆ ಹಲ್ಲು ತೋರಿಸಿ. ಕೀವು ಕುತ್ತಿಗೆಗೆ ಇಳಿದ್ರೆ ನಿಮ್ಮ ಪಾಲಿಸಿ ನಿಮಗೇ ಬೇಕಾಗುತ್ತೆ."

"ಈ ಜಾಳು ತಂತಿಯಲ್ಲಿ ಆಡೋರ ಕೈಗೆ ಹಲ್ಲು ಕೊಡೋಕಾಗುತ್ತೇನ್ರೀ? ಬೇಲಿ ದಾಟಿಸಿಬಿಡ್ತೀರಿ."

ಕ್ಲಬ್ಬಿನ ವಾರ್ಷಿಕ ಪಂದ್ಯದ ಫೈನಲ್ಲಿಗೆ ಬಂದವರು ಅವರಿಬ್ಬರೇ. ಹಿಂದಿನ ದಿನ ತಂಗಿಯ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದಾಗ, ಇಬ್ಬರ ಕೊಸರಾಟವನ್ನು ಕೇಳಿ ಕೇಳಿ ಸಾಕಾದ ತಂಗಿ ತೀರ್ಪು ಕೊಟ್ಟಳು.

"ಕೇಳಿ ಇಬ್ಬರೂ. ಅಣ್ಣ ಸೋತ್ರೆ ಆರು ತಿಂಗಳು ಆಟ ಇಲ್ಲ, ರಾಕೆಟ್ ನನ್ನ ಅಂಗಡಿಯಲ್ಲಿ, ಬೀಗ ನನ್ನ ಹತ್ತಿರ. ನೀವು ಸೋತ್ರೆ ಮಾರನೇ ದಿನ ಬೆಳಿಗ್ಗೆ ಅಣ್ಣನ ಕುರ್ಚಿ. ಅಣ್ಣನ ಕೈಯಲ್ಲೇ ಹಲ್ಲು ಕೀಳಿಸಿಕೊಳ್ಳಬೇಕು."

"ಒಪ್ಪಿದೆ," ಎಂದ ಭಾವ, ಎಡಗಡೆ ಅಗಿಯುತ್ತ. "ಇವರು ಗೆಲ್ಲೋದಿಲ್ಲ, ನಾನು ಕೂರೋದಿಲ್ಲ."

ಎಲ್ಲರೂ ನಕ್ಕರು. "ಎರಡೂ ಹೇಗೂ ಆಗಬೇಕಾದ್ದೇ ಅಲ್ವಾ? ಅದಕ್ಕೆ ಪಂದ್ಯ ಯಾಕೆ?" ಎಂದು ದಂತವೈದ್ಯನ ಹೆಂಡತಿ ಕೇಳಿದ್ದು ಆ ನಗುವಿನಲ್ಲಿ ಮುಳುಗಿಹೋಯಿತು. ಸೋತವನ ಮೈಗೇ ಒಳ್ಳೆಯದಾಗುವಂಥ ಪಂದ್ಯ ಅದು. ಹಾಗಿದ್ದೂ ಸೋಲಲು ಇಬ್ಬರೂ ತಯಾರಿರಲಿಲ್ಲ.

ಭಾನುವಾರ ಬೆಳಿಗ್ಗೆ ದಂತವೈದ್ಯ, ಗಾಳಿ ಪಂಪು ಆರಿಸಿದ್ದೇನೆಯೋ ಇಲ್ಲವೋ ನೋಡಿಬರುತ್ತೇನೆ ಎಂದು ಹೆಂಡತಿಗೆ ಹೇಳಿ ಕ್ಲಿನಿಕ್ಕಿಗೆ ಹೋದ. ರಜೆಯ ದಿನದ ಕ್ಲಿನಿಕ್ಕು ಯಾರದೋ ಮುಚ್ಚಿದ ಬಾಯಿಯಂತಿತ್ತು. ಕತ್ತಲು, ಲವಂಗದೆಣ್ಣೆಯ ವಾಸನೆ. ಬೀರು ತೆರೆದು, ಕೋಟುಗಳ ಹಿಂದಿನಿಂದ ಗಟ್ಟಿ ತಂತಿಯ ರಾಕೆಟ್ಟನ್ನು ಎಳೆದುಕೊಂಡ. ಖಾಲಿ ಗಾಳಿಗೆ ಒಮ್ಮೆ ಬೀಸಿದ. ಮೊಣಕೈಯೊಳಗಿನದು ತಕ್ಷಣ ಗುರುತು ಹಿಡಿಯಿತು.

ಆಗ ಅವನು ಮಾಡಿದ್ದು ಬೇರೆ ಆಟಗಾರನಿಗೆ ಸಾಧ್ಯವಾಗುವಂಥದ್ದಲ್ಲ. ಆ ನೋವು ಒಬ್ಬ ಲೆಕ್ಕಿಗನಿಗೋ ಮೇಷ್ಟರಿಗೋ ಬಂದಿದ್ದರೆ ಮುಲಾಮು ಹಚ್ಚಿ, ಪಟ್ಟಿ ಸುತ್ತಿ, ಗೊಣಗುತ್ತ ಆಡಿ ಸೋಲುತ್ತಿದ್ದರು. ಇವನ ಕೈಗೆಟುಕುವ ಅರೆಯಲ್ಲಿ ಮರಗಟ್ಟಿಸುವ ಔಷಧದ ಗಾಜಿನ ಪುಟ್ಟ ಕೊಳವೆಗಳು ಸಾಲಾಗಿ ಕೂತಿದ್ದವು. ಒಂದನ್ನು ಸಿರಿಂಜಿಗೆ ಹಾಕಿದ. ರೋಗಿಯ ಕುರ್ಚಿಯಲ್ಲಿ ತಾನೇ ಕೂತು, ದೀಪ ಬೆಳಗಿಸಿ, ಎಡಗೈಯಲ್ಲಿ ಸೂಜಿ ಹಿಡಿದು ಬಲ ಮೊಣಕೈಗೆ ತಂದ.

"ಇರುವೆ ಕಚ್ಚಿದ ಹಾಗೆ ಆಗುತ್ತೆ, ಅಷ್ಟೆ," ಎಂದ, ಅಭ್ಯಾಸಬಲದಿಂದ, ಯಾರೂ ಇಲ್ಲದ ಕೋಣೆಗೆ.

ರೋಗಿಗಳಿಗೆ ಅವನು ಹೇಳುವ ಇನ್ನೊಂದು ಮಾತಿತ್ತು: ಮರಗಟ್ಟಿರುವಾಗ ಏನನ್ನೂ ಅಗಿಯಬೇಡಿ, ನಿಮ್ಮ ಕೆನ್ನೆಯನ್ನು ನೀವೇ ಕಚ್ಚಿ ತಿಂದರೂ ಗೊತ್ತಾಗುವುದಿಲ್ಲ. ಅದನ್ನು ಅಂದು ಹೇಳಲಿಲ್ಲ. ಕೊಳವೆಯನ್ನು ಬುಟ್ಟಿಗೆಸೆದು ಹೊರಟ.

ಅಷ್ಟು ಚೆನ್ನಾಗಿ ಅವನು ಎಂದೂ ಆಡಿರಲಿಲ್ಲ. ಚೆಂಡು ಹೇಳಿದ ಜಾಗಕ್ಕೆ ಹೋಗಿ ಬೀಳುತ್ತಿತ್ತು. ಮೊಣಕೈ ಎಂಬುದೊಂದಿದೆ ಎಂಬುದೇ ಅವನಿಗೆ ಮರೆತುಹೋಯಿತು. ಮೊದಲ ಏಟಿನ ಸದ್ದಿಗೇ ತಂಗಿ ಬೆಂಚಿನಿಂದ ಅರ್ಧ ಎದ್ದದ್ದು ಮಾತ್ರ ಕಣ್ಣಿಗೆ ಬಿತ್ತು. ಟಕ್. ತಾನು ಬಿಗಿದ ತಂತಿಯ ಸದ್ದನ್ನು ಅವಳು ನಿದ್ದೆಯಲ್ಲೂ ಗುರುತಿಸಬಲ್ಲಳು. ಅತ್ತಿಗೆಯ ಮುಖವನ್ನೊಮ್ಮೆ ನೋಡಿ, ಮತ್ತೆ ಕೂತಳು. ಆಟದ ನಡುವೆ ಅಣ್ಣನ ಮಾನ ತೆಗೆಯುವುದು ಹೇಗೆ ಎಂದುಕೊಂಡಿರಬೇಕು.

ಕೊನೆಯ ಗೇಮಿನಲ್ಲಿ ಭಾವನ ಬಿರುಸಾದ ಸರ್ವ್ ಒಂದನ್ನು ತಡವಾಗಿ ಎದುರಿಸಿದಾಗ, ಕೈಯ ಕಡೆಯಿಂದೆಲ್ಲೋ, ಪಕ್ಕದ ಕೋಣೆಯಲ್ಲಿ ಯಾರೋ ಒದ್ದೆ ಬಟ್ಟೆ ಹರಿದಂತೆ ಆಯಿತು. ನೋವಿಲ್ಲ, ಬರೀ ಸುದ್ದಿ. ತಂತಿ ಹರಿಯಿತೆಂದುಕೊಂಡು ಅವನು ರಾಕೆಟ್ಟನ್ನು ಎತ್ತಿ ನೋಡಿದ. ಒಂದೆಳೆಯೂ ಅಲುಗಿರಲಿಲ್ಲ. ಉಳಿದ ಎರಡು ಪಾಯಿಂಟುಗಳನ್ನು ಭಾವನೇ ಕುರ್ಚಿ ಹತ್ತಿರವಾದ ಗಾಬರಿಯಿಂದ ನೆಟ್ಟಿಗೆ ಹೊಡೆದು ಕೊಟ್ಟ.

ಭಾವ ನೆಟ್ಟಿನ ಬಳಿ ಬಂದು, ಹಲ್ಲು ಕಚ್ಚಿ, ಕಣ್ಣು ಕಿರಿದು ಮಾಡಿ, ಪ್ರತಿಸಲದ ಶಿಕ್ಷೆಗೆ ಕೈ ಚಾಚಿದ. ಅವನ ಕೈಯೊಳಗೆ ಒಂದು ಒದ್ದೆ ಕರವಸ್ತ್ರ ಬಂದು ಕೂತಂತಾಯಿತು.

"ಏನ್ರೀ ಡಾಕ್ಟ್ರೇ, ಸೋತೋನ ಮೇಲೆ ಕರುಣೆ ಬಂತಾ?"

"ಸುಸ್ತು," ಎಂದ ದಂತವೈದ್ಯ.

ಮಧ್ಯಾಹ್ನ ಮರಗಟ್ಟಿದ್ದು ಇಳಿದಾಗ ಬಂದದ್ದು ಹಳೆಯ ನೋವಲ್ಲ. ಅದು ಮಾತಾಡಿಸಿ ಹೋಗುವ ಜಾತಿಯದಲ್ಲ, ಹಾಸಿಗೆ ಹಾಸಿಕೊಂಡು ಮಲಗುವಂಥದ್ದು. ಹೆಂಡತಿ ಕೇಳಿದಾಗಲೂ "ಸುಸ್ತು" ಎಂದ. ಸುಸ್ತು ಎನ್ನುವ ಮಾತು ಮೊಣಕಾಲಿಗೆ ಎಳೆದರೆ ಎದೆಗೆ ಸಾಲದ ಹೊದಿಕೆ, ಆದರೂ ಅದನ್ನೇ ಹೊದ್ದುಕೊಂಡ.

ಸೋಮವಾರ ಬೆಳಿಗ್ಗೆ ತಂಗಿ ಗಂಡನನ್ನು ಬಲಿ ಕೊಡಲು ಕರೆತಂದವಳಂತೆ ಕರೆತಂದಳು. ಭಾವನ ಕೆನ್ನೆ ರಾತ್ರಿಯಲ್ಲಿ ಇನ್ನೂ ಊದಿತ್ತು.

"ಭಾವ, ಇವತ್ತು ರೋಗಿಗಳು ಜಾಸ್ತಿ. ಬುಧವಾರ ನೋಡೋಣ್ವಾ?" ಎಂದ ದಂತವೈದ್ಯ.

"ಎಲಾ, ಡಾಕ್ಟ್ರಿಗೇ ಹೆದರಿಕೆ!" ಎಂದ ಭಾವ. "ನಾನು ಮಾತಿಗೆ ತಪ್ಪಲ್ಲಪ್ಪ. ಇವತ್ತು ಬಿಟ್ರೆ ನಾನು ಈ ಜನ್ಮದಲ್ಲಿ ಬರಲ್ಲ, ಹೇಳಿದ್ದೀನಿ."

ಬರುವುದಿಲ್ಲ ಎಂಬುದೂ ನಿಜ, ಕೀವು ಕಾಯುವುದಿಲ್ಲ ಎಂಬುದೂ ನಿಜ. ನನ್ನ ಕೈಯಲ್ಲಾಗದು ಎಂಬ ಒಂದು ಮಾತು ಉಳಿದಿತ್ತು. ಅದನ್ನು ಹೇಳಿದರೆ ಭಾನುವಾರದ್ದನ್ನೂ ಹೇಳಬೇಕಾಗುತ್ತಿತ್ತು. ದಂತವೈದ್ಯ ಎಡಗೈಯಲ್ಲೇ ಸೂಜಿ ಚುಚ್ಚಿದ. ಎರಡು ದಿನಗಳಲ್ಲಿ ಎರಡನೆಯ ಸಲವಾದ್ದರಿಂದ ಎಡಗೈ ಕೊಂಚ ಪಳಗಿತ್ತು.

ಹತ್ತಿ ಬಿಸಾಡಲು ಬುಟ್ಟಿಯ ಮುಚ್ಚಳ ತೆಗೆದ ಹೆಂಡತಿ ಹಾಗೆಯೇ ಬಗ್ಗಿ ನಿಂತಳು. ಶನಿವಾರ ಸಂಜೆ ಬುಟ್ಟಿಯನ್ನು ತೊಳೆದಿಟ್ಟು ಹೋದವಳು ಅವಳೇ. ಖಾಲಿ ಗಾಜಿನ ಕೊಳವೆಯೊಂದನ್ನು ಚಿಮಟದಲ್ಲಿ ಎತ್ತಿ, ತಟ್ಟೆಯಲ್ಲಿ, ಉಪಕರಣಗಳ ಪಕ್ಕದಲ್ಲಿ ಇಟ್ಟಳು.

"ನಿನ್ನೆ ಯಾರ ಹಲ್ಲು ಕಿತ್ರಿ?" ಎಂದಳು, ಮೆಲ್ಲಗೆ.

ಅವನು ಇಕ್ಕಳಕ್ಕಾಗಿ ಬಲಗೈ ಚಾಚಿದ. ಅವಳು ಕೊಡಲಿಲ್ಲ. ಕುರ್ಚಿಯಲ್ಲಿ ಭಾವ ಎರಡೂ ಕೈಯಲ್ಲಿ ಹಿಡಿಕೆಯನ್ನು ಅಮುಕಿ, ಕಣ್ಣು ಬಿಗಿಯಾಗಿ ಮುಚ್ಚಿ, ಬಾಯಿ ಅಗಲಿಸಿ ಕಾಯುತ್ತಿದ್ದ. ಅರೆತೆರೆದ ಬಾಗಿಲಿನಾಚೆ ತಂಗಿ ಕೂತಿದ್ದಳು. ಬೆಳಿಗ್ಗೆ ಅವನು ತಂದು ಮೂಲೆಗೆ ಒರಗಿಸಿಟ್ಟಿದ್ದ ಗಟ್ಟಿ ತಂತಿಯ ರಾಕೆಟ್ಟು ಈಗ ಅವಳ ಮಡಿಲಲ್ಲಿತ್ತು. ಸಿಬಿರೆದ್ದ ಎಳೆ ಎಲ್ಲಾದರೂ ಇದೆಯೇ ಎಂದು ಹೆಬ್ಬೆರಳಿನಲ್ಲಿ ಸವರಿ ಸವರಿ ಹುಡುಕುತ್ತಿದ್ದಳು.

ದಂತವೈದ್ಯ ತಾನೇ ಬಗ್ಗಿ ಇಕ್ಕಳವನ್ನು ಎತ್ತಿಕೊಂಡ. ಬೆರಳುಗಳನ್ನು ಎಡಗೈಯಿಂದ ಒಂದೊಂದಾಗಿ ಹಿಡಿಕೆಯ ಸುತ್ತ ಕೂರಿಸಿದ. ಹಲ್ಲಿನ ಬುಡಕ್ಕೆ ಇಕ್ಕಳದ ಬಾಯಿ ಕೊಟ್ಟು, ಬಿಗಿ ಎಂದು ಕೈಗೆ ಹೇಳಿದ. ಇಪ್ಪತ್ತು ವರ್ಷ ಹೇಳಿದ್ದನ್ನೆಲ್ಲ ಕೇಳಿದ ಕೈ ಅದು. ಬೆರಳುಗಳು ಒಂದಿಷ್ಟು ಬಿಗಿದವು, ಆಮೇಲೆ ಒಂದೊಂದಾಗಿ ತೆರೆದುಕೊಂಡವು. ಇಕ್ಕಳ ಜಾರಿ, ತುಟಿಯನ್ನು ಸವರಿ, ಭಾವನ ಎದೆಯ ಮೇಲೆ ಹಾಸಿದ ಬಟ್ಟೆಗೆ ಬಿತ್ತು.

"ಆಯ್ತಾ ಡಾಕ್ಟ್ರೇ?" ಎಂದ ಭಾವ, ಕಣ್ಣು ತೆರೆಯದೆ, ದಪ್ಪನೆಯ ನಾಲಿಗೆಯಲ್ಲಿ. "ಗೊತ್ತೇ ಆಗ್ಲಿಲ್ಲವಲ್ರೀ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ತೆಗೆದುಬಿಟ್ರಿ. ನಿಮ್ಮ ಕೈ ಅಂದ್ರೆ ಕೈ."

ಅವನ ತುಟಿಯಿಂದ ಗಲ್ಲಕ್ಕೆ ಒಂದು ತೆಳ್ಳನೆಯ ಕೆಂಪು ಗೆರೆ ಇಳಿಯುತ್ತಿತ್ತು. ಹೊರಗಡೆ ತಂಗಿ ತಂತಿಯನ್ನು ಒಮ್ಮೆ ಮೀಟಿದಳು.

ಟಕ್.