ನಲವತ್ತು ವೋಲ್ಟಿನ ಉಪಕಾರ

ಟೆಕ್ಸಸ್ಸಿನ ಆಸ್ಟಿನ್ ಪಕ್ಕದ ಫ್ಲೂಗರ್‌ವಿಲ್‌ನ ಆ ಬಾಡಿಗೆ ಮನೆಗೆ ಇದ್ದದ್ದು ಎರಡೇ ಮೆಟ್ಟಿಲು. ಆರು ವರ್ಷ ದಿನಕ್ಕೆ ಹತ್ತು ಸಲ ಹತ್ತಿಳಿದರೂ ಜಯಂತ ಅವನ್ನು ಎಣಿಸಿರಲಿಲ್ಲ. ಅತ್ತೆ ಕಮಲವ್ವ ಡಲ್ಲಾಸ್ ಬಳಿಯ ಲೂಯಿಸ್‌ವಿಲ್‌ನಲ್ಲಿ ಮಗನ ಮನೆಯ ಬಚ್ಚಲಲ್ಲಿ ಜಾರಿ, ಸೊಂಟ ಮುರಿದುಕೊಂಡು, ಆಪರೇಷನ್ ಆಗಿ ಗಾಲಿಕುರ್ಚಿಗೆ ಬಂದ ಮೇಲೆ ಎಣಿಸಿದ. ಮಗ ಚಿದಾನಂದನ ಅಪಾರ್ಟ್‌ಮೆಂಟ್ ಮೂರನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಹಾಗಾಗಿ ಆಸ್ಪತ್ರೆಯವರು ಬಿಡುವ ಶನಿವಾರವೇ ಅವರನ್ನು ಮಗಳು ಮಧುಶ್ರೀಯ ಮನೆಗೆ ಕರೆತರುವುದೆಂದು ತೀರ್ಮಾನವಾಗಿತ್ತು.

ಕಮಲವ್ವ ಫೋನಿನಲ್ಲಿ ಒಂದೇ ಒಂದು ಷರತ್ತು ಹಾಕಿದ್ದರು. "ಇಲ್ಲಿ ಮಂದಿ ನನ್ನ ಜ್ವಾಳದ ಚೀಲ ಎತ್ತಿದಂಗ ಎತ್ತಿ ಎತ್ತಿ ಇಟ್ಟಾರವಾ. ಸಾಕಾಗೇತಿ. ಅಲ್ಲೆ ಅಳಿಯಂದ್ರ ಮುಂದ ಯಾರೂ ನನ್ನ ಎತ್ತಬ್ಯಾಡ್ರಿ. ಕೈ ಮುಗೀತೀನಿ."

"ಎತ್ತೋ ಮಾತೇ ಇಲ್ಲ ಅತ್ತೆ," ಎಂದು ಜಯಂತ ಫೋನು ಕಸಿದುಕೊಂಡು ಹೇಳಿದ್ದ. "ಬಾಗಿಲಿಗೆ ಹಲಗೆಯ ರ‍್ಯಾಂಪ್ ಕಟ್ಟಿಸ್ತೀನಿ. ಕಟ್ಟಿಸೋದೇನು, ನಾನೇ ಕಟ್ತೀನಿ. ಕುರ್ಚೀಲಿ ಕೂತು ಹಾಯಾಗಿ ಉರುಳಿಕೊಂಡು ಒಳಗೆ ಬನ್ನಿ."

"ಉರುಳುಸೇವಾ ಅನ್ರಿ ಹಂಗಾರ," ಎಂದು ಅವರು ಎಷ್ಟೋ ದಿನಗಳ ಮೇಲೆ ನಕ್ಕಿದ್ದರು. ಆ ನಗು ಕೇಳಿ ಮಧುಶ್ರೀ ಅಡುಗೆಮನೆಗೆ ಹೋಗಿ ಕಣ್ಣೊರೆಸಿಕೊಂಡಿದ್ದಳು. ಕೊಟ್ಟ ಮಾತು ಅಲ್ಲಿಂದಾಚೆಗೆ ಜಯಂತನ ಹೆಗಲೇರಿತು.

ಮರ ಬಂತು. ಅಳತೆಗೆ ಕೊಯ್ದ ಹಲಗೆಗಳು ಬಂದವು. ಮೂರಿಂಚಿನ ಸ್ಕ್ರೂಗಳ ಡಬ್ಬಿ ಬಂತು. ಹಳೆಯ ಹಸಿರು ಡ್ರಿಲ್ಲಿನ ಬ್ಯಾಟರಿಯನ್ನು ಚಾರ್ಜರಿಗೆ ಸಿಕ್ಕಿಸಿದಾಗ ಮಾತ್ರ ಕೆಂಪು, ಹಸಿರು ಎರಡೂ ದೀಪ ಒಟ್ಟಿಗೆ ಮಿಟುಕಿದವು. ಜೊತೆಗೆ ಬಂದಿದ್ದ ಪುಸ್ತಕ ತೆಗೆದು ನೋಡಿದರೆ ಬ್ಯಾಟರಿ ತೀರಿಕೊಂಡಿದೆ ಎಂದಿತ್ತು. ಆಗಲೇ ಕಾರು ಹತ್ತಿ ಹೋಗಿ ಹೊಸದೊಂದನ್ನು ತಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟರಲ್ಲಿ ಚಿದಾನಂದನ ಫೋನು ಬಂತು, ಜಯಂತ ಬಾಯಿ ತಪ್ಪಿ ವಿಷಯ ಹೇಳಿಬಿಟ್ಟ.

ಚಿದಾನಂದ ರಿಯಾಯಿತಿ ಎಂಬ ಪದವನ್ನು "ರೀ, ಐತಿ" ಎಂದು ಒಡೆದು ಓದುವ ಮನುಷ್ಯ. ಎಲ್ಲೋ ಐತಿ, ಹುಡುಕಬೇಕಷ್ಟೇ ಎಂಬುದು ಅವನ ನಂಬಿಕೆ.

"ಎಷ್ಟಂತ್ರೀ ಒಂದ ಬ್ಯಾಟ್ರಿಗೆ? ನೂರಾ ಇಪ್ಪತ್ತೊಂಬತ್ತು ಡಾಲರಾ! ಜಯಂತವ್ರ, ಅಂಗಡಿಯಾಂವನ ಮಗಳ ಮದವಿಗೆ ಮುಯ್ಯಿ ಮಾಡಾಕ ಹೊಂಟೀರೇನು? ಸುಮ್ನಿರ್ರಿ. ಇಲ್ಲೆ ಡಲ್ಲಾಸದಾಗ ಸೇಲ್ ನಡದೈತಿ, ತೊಂಬತ್ತೊಂಬತ್ತಕ್ಕ ಎರಡು. ನಾ ತಗೊಂಡ ಕಳಸ್ತೀನಿ. ಯಾವ ಬಣ್ಣದ ಕಂಪನಿ?"

"ಹಸಿರು, ಭಾವ. ಹದಿನೆಂಟು ವೋಲ್ಟು."

"ಹಸರು. ಆತು, ಚಿಂತಿ ಬಿಡ್ರಿ."

ಸಂಜೆಗೆ ಮತ್ತೆ ಫೋನು. ಬ್ಯಾಟರಿ ಕೊಂಡಾಗಿತ್ತು, ಒಂದು ಸರ್‌ಪ್ರೈಸ್ ಕೂಡ ಇತ್ತು. ಕೊರಿಯರ್‌ನವರು ಲಿಥಿಯಂ ಬ್ಯಾಟರಿ ಎಂದೊಡನೆ ಹೆಚ್ಚಿಗೆ ಹಣ ಕೇಳುತ್ತಾರೆ. ಅದನ್ನು ತೆರುವುದು ಚಿದಾನಂದನ ಧರ್ಮಕ್ಕೆ ವಿರುದ್ಧ. ಟೆಕ್ಸಸ್ಸಿನ ಕನ್ನಡಿಗರು ಉಪ್ಪಿನಕಾಯಿ, ಪಾಸ್‌ಪೋರ್ಟ್, ಮದುವೆ ಸೀರೆಗಳನ್ನೆಲ್ಲ ಕಳಿಸುವ ಹಾಗೆ, ಅದನ್ನೂ ಹೋಗುವವರ ಕೈಯಲ್ಲೇ ಕಳಿಸಬೇಕು. ಆ ವಾರ ಡಲ್ಲಾಸಿನಿಂದ ಆಸ್ಟಿನ್ ಕಡೆ ಯಾರೂ ಹೊರಟಿರಲಿಲ್ಲ. ಆದರೆ ಹ್ಯೂಸ್ಟನ್ ಪಕ್ಕದ ಮಿಸೌರಿ ಸಿಟಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಇರಣ್ಣ, ಡಲ್ಲಾಸಿಗೆ ಬಂದವನು, ಬುಧವಾರ ಹ್ಯೂಸ್ಟನ್‌ಗೆ ಮರಳುವವನಿದ್ದ. ಇನ್ನು ವಾರವಿಡೀ ಹ್ಯೂಸ್ಟನ್‌ನಲ್ಲಿ ಕ್ಲೈಂಟ್ ಆಫೀಸಿನಲ್ಲಿ ದುಡಿಯುವ ಜಯಂತನ ಗೆಳೆಯ ವಿಶ್ವಾಸ್ ಶುಕ್ರವಾರ ಫ್ಲೂಗರ್‌ವಿಲ್‌ಗೆ ಬರುವವನಿದ್ದ. ನೇರ ಬಂದರೆ ಇನ್ನೂರು ಮೈಲಿ, ಹೀಗೆ ಸುತ್ತಿ ಬಂದರೆ ನಾನೂರು. ಆದರೆ ಪುಕ್ಕಟೆ.

"ಅಲ್ರೀ, ಇಲ್ಲೇ ಒಂದು ತಂದ್ಬಿಡ್ರಿ," ಎಂದಳು ಮಧುಶ್ರೀ.

"ನಿಮ್ಮಣ್ಣ ಆಗಲೇ ತಗೊಂಡಾಯ್ತಲ್ಲ. ಈಗ ನಾನು ಬೇರೆ ತಂದರೆ? ನಿನ್ನ ಉಪಕಾರ ಬೇಡ ಅಂದ ಹಾಗೆ ಆಗಲ್ವಾ?"

ಅವಳೂ ಒಪ್ಪಿದಳು. "ಹೌದ ನೋಡ್ರಿ. ಬ್ಯಾಸರ ಮಾಡ್ಕೋತಾನ."

ವೈರಿಲ್ಲದ ಯಂತ್ರದ ಸಲುವಾಗಿ ವೈರ ಕಟ್ಟಿಕೊಳ್ಳಲು ಇಬ್ಬರಿಗೂ ಧೈರ್ಯವಿರಲಿಲ್ಲ. ಕಾಯುವುದೆಂದಾಯಿತು.

ಶುಕ್ರವಾರ ವಿಶ್ವಾಸ್ ಬರಲಿಲ್ಲ. ಬ್ಯಾಟರಿ ತರಲು ಇರಣ್ಣನ ಮನೆಗೆ ಹೋದವನನ್ನು ಇರಣ್ಣನ ಹೆಂಡತಿ ಗುರವ್ವ ಊಟ ಮಾಡದೆ ಬಿಡಲಿಲ್ಲ. ಉಂಡವನನ್ನು ಇರಣ್ಣ ಹೊರಡಲು ಬಿಡಲಿಲ್ಲ. ಜಯಂತ ಕೈ ಸ್ಕ್ರೂಡ್ರೈವರ್ ಹಿಡಿದು ಹಲಗೆಯ ಮೇಲೆ ಕೂತ. ಒಂದು ಸ್ಕ್ರೂ ಅರ್ಧ ಇಳಿಯುವಷ್ಟರಲ್ಲಿ ಅಂಗೈಯಲ್ಲಿ ಎರಡು ಬೊಬ್ಬೆ ಎದ್ದವು. ಅಂಥವು ಇನ್ನೂ ಎಂಬತ್ತು ಇದ್ದವು. ಡ್ರಿಲ್ಲು ಎರವಲು ಕೇಳೋಣವೆಂದರೆ ಪಕ್ಕದ ಮನೆಯವರು ರಜಕ್ಕೆ ಹೋಗಿದ್ದರು.

ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ವಿಶ್ವಾಸ್ ಕಾರಿನಿಂದ ಇಳಿದ. "ಸಾರಿ ಗುರು, ಜೋಳದ ರೊಟ್ಟಿ ಮುಂದೆ ನಂದೇನೂ ನಡೀಲಿಲ್ಲ," ಎಂದು ಡಬ್ಬಿ ಕೈಗಿಟ್ಟ. ಜಯಂತ ಅಲ್ಲೇ ಅಂಗಳದಲ್ಲಿ ಟೇಪು ಹರಿದ. ಒಳಗೆ ಇಟ್ಟಿಗೆಯಷ್ಟು ದಪ್ಪಗೆ, ಅದೇ ಹಸಿರು ಬಣ್ಣದ ಎರಡು ಬ್ಯಾಟರಿಗಳಿದ್ದವು. ಮೇಲೆ ದಪ್ಪಕ್ಷರದಲ್ಲಿ ನಲವತ್ತು ವೋಲ್ಟ್ ಎಂದಿತ್ತು.

"ಇದು ಹುಲ್ಲು ಕತ್ತರಿಸೋ ಮಷೀನಿಂದಲ್ವಾ?" ಎಂದ ವಿಶ್ವಾಸ್.

ಹೌದು. ಡ್ರಿಲ್ಲಿನ ಹಿಡಿಗೆ ಅದನ್ನು ಸೇರಿಸುವುದು ಕಡಲೆಕಾಯಿ ಸಿಪ್ಪೆಯೊಳಕ್ಕೆ ತೆಂಗಿನಕಾಯಿ ತುರುಕಿದ ಹಾಗೆ. ಜಯಂತ ಆದರೂ ತಿರುಗಿಸಿ ಮುರುಗಿಸಿ ಒಮ್ಮೆ ಒತ್ತಿ ನೋಡಿದ. ಆಗಲೇ ಫೋನು ಹೊಡೆದುಕೊಂಡಿತು. ಚಿದಾನಂದ ಕಾರಿನ ಸ್ಪೀಕರಿನಲ್ಲಿದ್ದ.

"ಅರ್ಧ ದಾರಿ ಆತು, ವೇಕೋ ದಾಟಿದ್ವಿರಿ. ಡಬ್ಬಿ ಬಿಚ್ಚಿದ್ರೇನು? ಹದಿನೆಂಟು ಕೇಳಿದ್ರಿ, ನಲವತ್ತು ತಂದೇನಿ. ಅದs ರೊಕ್ಕದಾಗ! ಹ್ಯಾಂಗೈತಿ?"

ಹಿಂದಿನಿಂದ ಕಮಲವ್ವನ ದನಿ ಕೇಳಿತು. "ಅವಾ ಹಂಗs ನೋಡ್ರಿ, ಅಳಿಯಂದ್ರ. ಸಣ್ಣಂವ ಇದ್ದಾಗ ಬಜಾರಕ್ಕ ಕಳಿಸಿದ್ರ ಪಾವ್ ಕಿಲೋ ದರದಾಗ ಅರ್ಧ ಕಿಲೋ ತರತಿದ್ದ."

ಜಯಂತ ಬ್ಯಾಟರಿಯನ್ನು ಮತ್ತೆ ಡಬ್ಬಿಯೊಳಗಿಟ್ಟ. "ನೋಡಿದೆ ಭಾವ. ತುಂಬಾ... ದೊಡ್ಡದಿದೆ."

ಫೋನಿಟ್ಟವನೇ ಕಾರು ಹತ್ತಿದ. ಬೆಲೆ ಎಷ್ಟಿದ್ದರೂ ಸರಿ, ಸೇಲ್ ಹಾಳಾಗಿ ಹೋಗಲಿ. ಅಂಗಡಿಯಲ್ಲಿ ಹದಿನೆಂಟು ವೋಲ್ಟಿನವು ಸಾಲಾಗಿ ನೇತಾಡುತ್ತಿದ್ದವು, ಕಳ್ಳರ ಭಯಕ್ಕೆ ಬೀಗ ಹಾಕಿದ ಕಬ್ಬಿಣದ ಜಾಲರಿಯ ಹಿಂದೆ. ಸಹಾಯಕ್ಕೆ ಗುಂಡಿ ಒತ್ತಿ ಎಂದು ಬರೆದಿತ್ತು. ಒತ್ತಿದ. ಹೆಣ್ಣುದನಿಯೊಂದು ಅಂಗಡಿಯ ತುಂಬ, ಇಲ್ಲೊಬ್ಬ ಗಿರಾಕಿಗೆ ಸಹಾಯ ಬೇಕಾಗಿದೆ ಎಂದು ಸಾರಿತು. ಯಾರೂ ಬರಲಿಲ್ಲ. ಮತ್ತೆ ಒತ್ತಿದ. ಅವನ ಅಸಹಾಯಕತೆಯನ್ನು ಅವಳು ಮತ್ತೆ ಊರಿಗೆಲ್ಲ ಸಾರಿದಳು. ಬಣ್ಣದ ವಿಭಾಗದವನು ಬಂದು, ಬೀಗದ ಕೈ ಇರುವವನು ಊಟಕ್ಕೆ ಹೋಗಿದ್ದಾನೆ ಎಂದು ಹೇಳಿ ಹೋದ.

"ಟೆಂಪಲ್ ಬಂತ್ರಿ," ಎಂದ ಚಿದಾನಂದ ಫೋನಿನಲ್ಲಿ. "ಊರ ಹೆಸರು ಕೇಳಿ ಅವ್ವ ಕೈ ಮುಗದ್ಲು."

ಜಯಂತನೂ ಜಾಲರಿಯ ಮುಂದೆ ಹೆಚ್ಚುಕಡಿಮೆ ಅದೇ ಭಂಗಿಯಲ್ಲಿ ನಿಂತಿದ್ದ. ಬೀಗದ ಕೈ ಬರುವಷ್ಟರಲ್ಲಿ ಅವರು ಮನೆಯಿಂದ ಹತ್ತೇ ನಿಮಿಷದ ರೌಂಡ್ ರಾಕ್ ದಾಟಿದ್ದರು.

ಮನೆಗೆ ಬಂದರೆ ಚಿದಾನಂದನ ಕಾರು ಅಂಗಳದಲ್ಲಿ ಎಸಿ ಹಾಕಿಕೊಂಡು ಗುರುಗುಡುತ್ತಿತ್ತು. ಹೊರಗೆ ನೂರಾ ನಾಲ್ಕು ಡಿಗ್ರಿ ಫ್ಯಾರನ್‌ಹೀಟ್ ಬಿಸಿಲು. ಹಲಗೆಗಳು ಹುಲ್ಲಿನ ಮೇಲೆ ಹಾಗೇ ಬಿದ್ದಿದ್ದವು. ಮುಂದಿನ ಸೀಟಿನಲ್ಲಿ ಕಮಲವ್ವ, ತೊಳೆದಿಟ್ಟ ತಾಮ್ರದ ತಂಬಿಗೆಯ ಹಾಗೆ ಇಷ್ಟೇ ಇಷ್ಟು ಆಗಿ ಕೂತಿದ್ದರು.

"ಯಾಕ್ರೀ, ಇನ್ನೂ ಆಗಿಲ್ಲ?" ಎಂದ ಚಿದಾನಂದ. "ನಲವತ್ತರ ಬ್ಯಾಟ್ರಿ ಹಾಕಿದ್ರ ಹತ್ತ ನಿಮಿಷದ ಕೆಲಸ."

ಜಯಂತನ ಪ್ಯಾಂಟಿನ ಜೇಬಿನಲ್ಲಿ ಹೊಸ ಬ್ಯಾಟರಿ ಇತ್ತು. ತೆಗೆದು ಡ್ರಿಲ್ಲಿಗೆ ಸೇರಿಸಿದರೆ ಸಾಕು, ಎರಡು ತಾಸಿನ ಕೆಲಸ; ಅಷ್ಟು ಹೊತ್ತು ಅವರನ್ನು ತಂಪಾಗಿ ಎಲ್ಲಾದರೂ ಕೂರಿಸಬಹುದಿತ್ತು. ಕೈ ಜೇಬಿನವರೆಗೆ ಹೋಯಿತು. ಅಷ್ಟರಲ್ಲಿ ಕಮಲವ್ವ ಕಿಟಕಿ ಇಳಿಸಿ, "ನನ್ನ ಮಗ ಕಳಸಿದ್ದು ಛೊಲೊ ಐತೇನ್ರಿ?" ಎಂದು ಕೇಳಿದರು. ಮೂರು ವಾರ ಆಸ್ಪತ್ರೆಯಲ್ಲಿ ಮಲಗಿ ಬಂದ ಆ ಮುಖದಲ್ಲಿ ಹೆಮ್ಮೆಯೊಂದೇ ಗಟ್ಟಿಯಾಗಿ ಉಳಿದಿತ್ತು.

"ಚೆನ್ನಾಗಿದೆ ಅತ್ತೆ," ಎಂದ ಜಯಂತ. "ಈಗಷ್ಟೇ ಬಂತು. ಚಾರ್ಜ್ ಆಗ್ತಿದೆ. ಸಂಜೆ ಹೊತ್ತಿಗೆ..."

ಮಧುಶ್ರೀ ಗಂಡನ ಮುಖ ನೋಡಿದಳು.

"ಸಂಜಿ ಮಟ ಈ ಬಿಸಲಾಗ ಕಾರಿನಾಗ ಕುಂದರಸ್ತೀರೇನು? ಬರ‍್ರಿ, ಎತ್ತೂಣು," ಎಂದ ಚಿದಾನಂದ. "ಎರಡs ಮೆಟ್ಟಲ ಅವ್ವಾ. ಕಣ್ಣ ಮುಚ್ಚಿ ಬಿಡೂದ್ರಾಗ ಆಗಿಬಿಡ್ತೈತಿ."

ಕಮಲವ್ವ ಅಳಿಯನ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗೆಳೆದು ಮುಖ ಮುಚ್ಚಿಕೊಂಡರು. ಚಿದಾನಂದ ಬೆನ್ನಿನ ಕಡೆ, ಅಲ್ಲೇ ಉಳಿದಿದ್ದ ವಿಶ್ವಾಸ್ ಕಾಲಿನ ಕಡೆ, ಜಯಂತ ನಡುವೆ. ಅವರು ಎಷ್ಟು ಹಗುರ ಇದ್ದರೆಂದರೆ ಅವನಿಗೆ ಹೆಚ್ಚು ಭಾರ ಅನಿಸಿದ್ದು ಜೇಬಿನೊಳಗಿನ ಬ್ಯಾಟರಿ.

ಊಟವಾದ ಮೇಲೆ ಚಿದಾನಂದ ಸೋಫಾ ಮೇಲೆ ಅಡ್ಡಾದ. ಜಯಂತ ಬಿಸಿಲಲ್ಲಿ ಮಂಡಿಯೂರಿ ಕೆಲಸಕ್ಕೆ ಕೂತ. ಡ್ರಿಲ್ಲು ಒಂದೇ ಒತ್ತಿಗೆ ಮೂರಿಂಚನ್ನೂ ಇಳಿಸಿತು. ಒಳಗಿನಿಂದ ಮಾತು ಕೇಳಿಸುತ್ತಿತ್ತು. "ಕೇಳವ್ವಾ, ನಲವತ್ತರ ಆವಾಜ! ಹುಲಿ ಗುಟುರು ಹಾಕಿದಂಗ ಐತಿ."

ನಾಲ್ಕೂವರೆಗೆ ಮುಗಿಯಿತು. ಬ್ಯಾಟರಿಯನ್ನು ಕಳಚಿ ಸ್ಕ್ರೂ ಡಬ್ಬಿಯ ಅಡಿಗೆ ಇಟ್ಟು, ಖಾಲಿ ಗಾಲಿಕುರ್ಚಿಯನ್ನು ಎರಡು ಸಲ ಹತ್ತಿಸಿ ಇಳಿಸಿ ನೋಡಿದ. ಒಂದು ಹಲಗೆಯೂ ಕಿರ್ ಎನ್ನಲಿಲ್ಲ. ಒಳಗೆ ಕಮಲವ್ವ ಕಿಟಕಿಯ ಪಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಅತ್ತೆ, ರೆಡಿ ಆಯ್ತು. ಬನ್ನಿ, ಬಾಗಿಲಿಗೆ ನೆರಳು ಬಂದಿದೆ ಈಗ. ಒಂದು ಸುತ್ತು ಹೋಗಿ ಬರೋಣ. ನೀವೇ ಉರುಳಿಕೊಂಡು ಬರಬಹುದು."

"ಗಟ್ಟಿ ಆಗೇತೇನ್ರಿ?"

"ಆನೆ ನಡೆದರೂ ಅಲ್ಲಾಡಲ್ಲ."

"ಛೊಲೊ ಆತು," ಎಂದರು ಅವರು ತಿರುಗದೆ. "ಇರ್ಲಿ ಬಿಡ್ರಿ. ಒಳಗ ಬಂದಾತಲ್ಲ. ಮತ್ತೆಂದರ ದವಾಖಾನಿಗೆ ಒಯ್ಯೂ ಮುಂದ ಬೇಕಾಗ್ತೈತಿ."

ಸೋಫಾದಿಂದ ಚಿದಾನಂದ ಕಣ್ಣು ಮುಚ್ಚಿಯೇ ಹೇಳಿದ, "ಇನ್ನೊಂದು ಬ್ಯಾಟ್ರಿ ಹಂಗs ಕಾದಿಡ್ರಿ ಜಯಂತವ್ರ. ಇಂಥಾ ದರ ಮತ್ತ ಸಿಗೂದಿಲ್ಲ."

"ಹೂಂ ಭಾವ," ಎಂದು ಜಯಂತ ಹೊರಗೆ ಹೋಗಿ, ಮರದ ಹೊಟ್ಟು ಗುಡಿಸತೊಡಗಿದ.